ಶನಿಯ ಚಂದ್ರನ ಮಣ್ಣು, ಮಾನ್ವಿಯ ಬಸ್ಸು

ರಾಯಚೂರಿನ ನಮ್ಮ ಕಾಲೇಜಿನ ಭೌತಶಾಸ್ತ್ರದ ಸರ್, ಶನಿಯ ಚಂದ್ರನಿಂದ ಮಣ್ಣು ತರುವ ನೌಕೆಯ ಯೋಜನೆಯನ್ನು ಸ್ಪರ್ಧೆಗೆಂದು ನಮ್ಮಿಂದ ಬರೆಸಿದ್ದರು. ನಾವು ರಾಕೆಟ್ ಗೀಚಿದಾಗಲೆಲ್ಲ ಕನ್ನಡಕ ಹಣೆಗೇರಿಸಿ, "ಹೋಗೋದು ಸರಳ ಅದ, ಬರೋದು ಹೇಳ್ರಿ" ಎನ್ನುತ್ತಿದ್ದರು.

ಸ್ಪರ್ಧೆಯ ದಿನ ಸರ್, ನಾವು ಮಾಡಿದ್ದ ನೌಕೆಯ ಮಾದರಿಯೊಳಗೆ ಇಡಲು ತಮ್ಮೂರು ಮಾನ್ವಿಯಿಂದ ಡಬ್ಬಿಯಲ್ಲಿ ಗದ್ದೆಯ ಮಣ್ಣು ಹೊತ್ತು ಹೊರಟರು. ಅದಿಲ್ಲದಿದ್ದರೆ ನಮ್ಮ ನೌಕೆ ಖಾಲಿ. ಬಸ್ಸು ಬಂದೊಡನೆ ಅಭ್ಯಾಸಬಲದಿಂದ ಕಿಟಕಿಯೊಳಗೆ ಡಬ್ಬಿ ತೂರಿಸಿ ಸೀಟು ಹಿಡಿದರು. ನೂಕುನುಗ್ಗಲಿನಲ್ಲಿ ತಮಗೇ ಹತ್ತಲಾಗಲಿಲ್ಲ, ಬಸ್ಸು ಹೊರಟೇಹೋಯಿತು.

ರಾಯಚೂರು ನಿಲ್ದಾಣದಲ್ಲಿ ಸರ್‌ಗಾಗಿ ಕಾಯುತ್ತಿದ್ದ ನಾವು ಆ ಬಸ್ಸು ಹತ್ತಿ ನೋಡಿದರೆ, ಜನ ನಿಂತೇ ಬಂದಿದ್ದರು. ಡಬ್ಬಿ ಮಾತ್ರ ಸೀಟಿನಲ್ಲಿ ಕೂತಿತ್ತು.

ಅಷ್ಟರಲ್ಲಿ ಸರ್ ಫೋನು: "ಲೇ, ಮಣ್ಣು ಬಂತೇನು?"

ಉತ್ತರ ಕೊಟ್ಟವನು ನಾನೋ, ಗೆಳೆಯನೋ, ಈಗ ಖಾತ್ರಿಯಿಲ್ಲ: "ಬಂದದ್ರಿ ಸರ್. ನೀವು ಬರೋದು ಹೇಳ್ರಿ."