ಕನಾತಿನೊಳಗೆ ನಿಂಬೆಹಣ್ಣಿನ ಓಟ

ನಂಜನಗೂಡಿನ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಡ್ರಿಲ್ ಬಂದಾಗ ನನಗೆ ಹತ್ತು ವರ್ಷ. ಅಜ್ಜಿ ಒಂದೇ ಷರತ್ತು ಹಾಕಿದರು. ಮೈಮೇಲೆ ಗಾಯವಾದರೆ ಶಾಲೆ ಬಂದ್, ಮರುವರ್ಷ ಮೈಸೂರಿನ ಕಾನ್ವೆಂಟಿಗೆ ಕಳಿಸುವ ಮಾತೂ ಬಂದ್. ಗಾಯದ ಹುಡುಗಿಯನ್ನು ಯಾರು ಒಪ್ಪುತ್ತಾರೆ ಎಂಬುದು ಅವರ ಚಿಂತೆ. ಕಾನ್ವೆಂಟಿನಲ್ಲಿ ಪಿಯಾನೋ ಇದೆಯಂತೆ ಎಂಬುದು ನನ್ನದು.

ಡ್ರಿಲ್ ಮೇಷ್ಟ್ರು ಜರಿ ಪೇಟದ ಹಿರಿಯರು, ಬಹಳ ಸೇಫ್ಟಿಯ ಮನುಷ್ಯ. ಅವರ ಪ್ರಕಾರ ಆಟದಲ್ಲಿ ಹೆಣ್ಣುಮಕ್ಕಳಿಗಿದ್ದ ಡೇಂಜರ್ ಒಂದೇ: ಬಯಲಿನ ಪಕ್ಕದ ಹುಲ್ಲಹಳ್ಳಿ ರಸ್ತೆ. ಅಲ್ಲಿ ಗಾಡಿಯವರು ಹೋಗುತ್ತಾರೆ, ಗಾಡಿಯವರಿಗೆ ಕಣ್ಣಿರುತ್ತದೆ. ಹಾಗಾಗಿ ಮದುವೆ ಡೇರೆಯ ಕನಾತು ತರಿಸಿ ಬಯಲಿನ ಸುತ್ತ ಬಟ್ಟೆಯ ಗೋಡೆ ಕಟ್ಟಿಸಿದರು. ಹಗ್ಗವನ್ನು ಹೊರಗೆ ಎಳೆದು ಕಟ್ಟಿದರೆ ಎತ್ತುಗಳು ಎಡವುತ್ತವೆಂದು ಗೂಟಗಳನ್ನೆಲ್ಲ ಒಳಗೇ ಹೊಡೆಸಿದರು.

ಗೂಟ ಹೊಡೆದ ಜವಾನ ತಲೆ ಕೆರೆದುಕೊಂಡ. "ಅಗ್ಗ ಮಕ್ಕಳ ಕಾಲಿಗೆ ಸಿಕ್ತದಲ್ಲ ಸಾ?"

"ಒಳಗಿರೋದಕ್ಕೆ ಏನಯ್ಯಾ ಭಯ?" ಎಂದರು ಮೇಷ್ಟ್ರು.

ಆಟವನ್ನೂ ಯೋಚಿಸಿಯೇ ಆರಿಸಿದ್ದರು. ಚಮಚವನ್ನು ಹಲ್ಲಿನಲ್ಲಿ ಕಚ್ಚಿ, ಅದರ ಮೇಲೆ ನಿಂಬೆಹಣ್ಣಿಟ್ಟು ಓಡುವುದು. ಬಾಯಿಯಲ್ಲಿ ಚಮಚವಿದ್ದರೆ ಹುಡುಗಿಯರ ಕಿರುಚಾಟ ರಸ್ತೆಗೆ ಕೇಳುವುದಿಲ್ಲ. ಕಣ್ಣು ನಿಂಬೆಹಣ್ಣಿನ ಮೇಲೇ ಇರಬೇಕು ಎಂಬುದು ಅವರ ಸ್ಟ್ರಿಕ್ಟ್ ಆರ್ಡರ್. ನನ್ನ ಕಣ್ಣು ಅಲ್ಲೇ ಇತ್ತು. ಕೊನೆಯ ಗೆರೆಗೆ ನಾಲ್ಕು ಹೆಜ್ಜೆ ಇರುವಾಗ ಹಗ್ಗ ಕಾಲಿಗೆ ಸಿಕ್ಕಿತು, ಗೂಟಕ್ಕೆ ಮಂಡಿ ಬಡಿದು ಲಂಗವೆಲ್ಲ ರಕ್ತವಾಯಿತು. ನಿಂಬೆಹಣ್ಣು ಕನಾತಿನಡಿಯಿಂದ ನುಸುಳಿ ರಸ್ತೆಗೆ ಉರುಳಿತು. ಮೇಷ್ಟ್ರು ಮೊದಲು ಜವಾನನನ್ನು ಅದರ ಹಿಂದೆ ಓಡಿಸಿದರು, ಆಮೇಲೆ ನನ್ನನ್ನು ಎತ್ತಿದರು.

ಅರಿಸಿನ ಮೆತ್ತಿ, ಮನೆಗೆ ಅವರೇ ಕರೆತಂದರು. ದಾರಿಯುದ್ದಕ್ಕೂ ನಾನು ಮಂಡಿಗಾಗಿ ಅಳಲಿಲ್ಲ, ಪಿಯಾನೋಗಾಗಿ ಅತ್ತೆ. ಬಾಗಿಲಲ್ಲೇ ನಿಂತಿದ್ದ ಅಜ್ಜಿ ಲಂಗ ನೋಡಿದರು, ನನ್ನ ಮುಖ ನೋಡಿದರು. ಎಷ್ಟು ಆಳದ ಗಾಯ ಎಂದು ಕೇಳಲಿಲ್ಲ.

"ಬಿದ್ದದ್ದು ಯಾರಾದ್ರೂ ಕಂಡ್ರಾ ಮೇಷ್ಟ್ರೇ?"

"ಒಬ್ಬರೂ ಇಲ್ಲ ತಾಯಿ. ಸುತ್ತ ಕನಾತು ಕಟ್ಸಿದ್ನಲ್ಲ."

"ಹಾಗಾದ್ರೆ ಏನೂ ಆಗಿಲ್ಲ ಬಿಡಿ," ಎಂದು ಅಜ್ಜಿ ಅವರಿಗೆ ಕಾಫಿ ಕೊಟ್ಟರು.

ಮೇಷ್ಟ್ರ ಏರ್ಪಾಡಿನಲ್ಲಿ ಲೋಪವೇ ಇರಲಿಲ್ಲವೆಂದು ಹೀಗೆ ರುಜುವಾತಾಯಿತು. ಗೂಟಗಳು ಇದ್ದಲ್ಲೇ ಉಳಿದವು. ನಾನು ಕಾನ್ವೆಂಟಿಗೆ ಹೋದೆ. ಅಲ್ಲಿ ಸಿಸ್ಟರ್ ಒಬ್ಬರು ಮಂಡಿಯ ಕಲೆ ನೋಡಿ ಹೇಗಾಯಿತೆಂದು ಕೇಳಿದರು. ಸೇಫ್ಟಿಯಿಂದ, ಸಿಸ್ಟರ್, ಎಂದೆ. ಪಾಪ, ನನ್ನ ಇಂಗ್ಲಿಷ್ ಇನ್ನೂ ಸುಧಾರಿಸಬೇಕೆಂದುಕೊಂಡರು.

ಪಿಯಾನೋ ಮುಟ್ಟಲು ನನಗೆ ಬಿಡಲಿಲ್ಲ, ಅದು ಬೇರೆ ಮಾತು. ಈ ವಯಸ್ಸಿನಲ್ಲಿ ಮಂಡಿ ನೀವಿಕೊಳ್ಳುವಾಗ ನೆನಪಾಗುವುದು ಇನ್ನೊಂದು. ಬೀಳುವ ಮುಂಚೆ ಎಲ್ಲರಿಗಿಂತ ಮುಂದೆ ಇದ್ದವಳು ನಾನೇ. ಅದನ್ನೂ ಹೊರಗಿನವರು ಒಬ್ಬರೂ ಕಾಣಲಿಲ್ಲ.