ಫ್ರೀಜರಿಗೂ ಒಂದು ರಜೆ

ಅಮೃತಹಳ್ಳಿಯ ಪುಟ್ಟ ಬಯೋಟೆಕ್ ಕಂಪನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ವೀರಬಸಪ್ಪನವರಿಗೆ ಯಂತ್ರಗಳೆಂದರೆ ಪ್ರಾಣ. ಆಯುಧಪೂಜೆ ಬಂತೆಂದರೆ ಯಜಮಾನಿಕೆ ಅವರದೇ. ಎಲ್ಲವನ್ನೂ ಒರೆಸಿ, ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಒಂದೊಂದರ ಸ್ವಿಚ್ಚನ್ನೂ ಆರಿಸಿ, "ಇವತ್ತೊಂದಿನ ಸುಮ್ನೆ ಮಲಕ್ಕೊಳಪ್ಪ" ಎಂದು ಬೆನ್ನು ತಟ್ಟುತ್ತಿದ್ದರು.

ರಜೆ ಇಲ್ಲದ್ದು ಫ್ರೀಜರಿಗೆ ಮಾತ್ರ. ಅಲ್ಲಿನ ವಿಜ್ಞಾನಿ ತರನ್ನುಮ್ ಮೇಡಂ ತಿಂಗಳುಗಟ್ಟಲೆ ಒದ್ದಾಡಿ ತಯಾರಿಸಿದ ಕಿಣ್ವದ ಡಬ್ಬಿ ಇರುತ್ತಿದ್ದದ್ದು ಅದರೊಳಗೆ. ಸಕ್ಕರೆ ಅರಗಿಸಲು ಇಲಿಯ ಲಿವರ್ ಬಳಸುವ ಕಿಣ್ವವದು. ಆದರೆ ಇದಕ್ಕಾಗಿ ಯಾವ ಇಲಿಯನ್ನೂ ಕೊಂದಿರಲಿಲ್ಲ; ಇಲಿಯ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರ ಕೈಯಲ್ಲೇ ಮಾಡಿಸಿದ್ದರು. ಇದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಲಿಂಗ ಕಟ್ಟಿದ ವೀರಬಸಪ್ಪನವರು ಆ ಡಬ್ಬಿಯನ್ನು ಮುಟ್ಟಿದ್ದು. ಹಬ್ಬದ ಮಾರನೆಯ ದಿನ ಅದು ಪುಣೆಯ ಪ್ರಯೋಗಾಲಯಕ್ಕೆ ಹೊರಡಬೇಕಿತ್ತು. ತಣ್ಣಗಿರದಿದ್ದರೆ ಮೇಡಂ ಪಟ್ಟ ಪಾಡೆಲ್ಲ ನೀರುಪಾಲು.

ಈ ಸಲ ಫ್ರೀಜರ್ ಗೊರಗೊರ ಎನ್ನತೊಡಗಿತ್ತು. ದುಡಿದೂ ದುಡಿದೂ ಸುಸ್ತಾಗಿದೆ ಪಾಪ ಎಂದು ವೀರಬಸಪ್ಪನವರ ಕರುಳು ಚುರ್ ಎಂದಿತು. ಮಂಗಳಾರತಿ ಮುಗಿಯುವವರೆಗೆ ಮಾತ್ರ ಎಂದುಕೊಂಡು ಪ್ಲಗ್ ಕಿತ್ತರು. ಅಲಾರಾಂ ಕಿರುಚಿಕೊಂಡಿತು, ಅದಕ್ಕೂ ರಜೆ ಕೊಟ್ಟರು. ಆಮೇಲೆ ಬೂದುಗುಂಬಳ ಒಡೆಯಬೇಕು, ಕಡ್ಲೆಪುರಿ ಹಂಚಬೇಕು, ಫೋಟೋಗೆ ನಿಲ್ಲಬೇಕು. ಪ್ಲಗ್ಗಿನ ನೆನಪು ಯಾರಿಗೆ?

ಮರುದಿನ ಬೆಳಿಗ್ಗೆ ಬಾಗಲಗುಂಟೆಯ ಮನೆಯಲ್ಲಿ ಹೆಂಡತಿ ಯಶೋಧಾ ಹಾಲಿಗೆಂದು ಫ್ರಿಜ್ ತೆರೆದಾಗ ವೀರಬಸಪ್ಪನವರು ದಡಕ್ಕನೆ ಎದ್ದು ನಿಂತರು.

"ಅಯ್ಯೋ ಶಿವನೇ, ಪ್ಲಗ್ಗು!"

"ಕಾಫಿನಾದ್ರೂ ಕುಡ್ಕೊಂಡ್ ಹೋಗ್ರೀ!" ಎಂದು ಆಕೆ ಕೂಗುವಷ್ಟರಲ್ಲಿ ಸ್ಕೂಟರ್ ಬೀದಿ ದಾಟಿತ್ತು. ಹಬ್ಬವಿದ್ದರೂ ಹೆಬ್ಬಾಳದ ಟ್ರಾಫಿಕ್ಕಿಗೆ ರಜೆಯಿರಲಿಲ್ಲ. ಅವರಿಗೆ ಅಳುವೇ ಬಂತು.

ಫ್ರೀಜರಿನ ಸುತ್ತ ನೀರು ನಿಂತಿತ್ತು. ಆಗತಾನೆ ಬಂದಿದ್ದ ತರನ್ನುಮ್ ಮೇಡಂ ಥರ್ಮಾಕೋಲ್ ಪೆಟ್ಟಿಗೆಯೊಂದಕ್ಕೆ ಟೇಪ್ ಸುತ್ತುತ್ತಿದ್ದರು.

"ಮೇಡಂ, ನಿಮ್ ಕಿಣ್ವಾನ ನಾನೇ ಕೈಯಾರೆ ಕೊಂದ್ಬಿಟ್ಟೆ. ಕೆಲ್ಸದಿಂದ ತೆಗೆದ್ಬಿಡಿ ನನ್ನ."

"ಅದು ಮೊನ್ನೆ ಸಂಜೆಯಿಂದ ಈ ಪೆಟ್ಗೇಲಿದೆ, ಡ್ರೈ ಐಸ್ ಒಳಗೆ ತಣ್ಣಗೆ," ಎಂದರು ಮೇಡಂ, ತಲೆಯೆತ್ತದೆ.

"ಮೊದ್ಲೇ ಹೆಂಗ್ ಗೊತ್ತಾಯ್ತು ನಿಮ್ಗೆ?"

"ಹೋದ್ ವರ್ಷ ಲಿಫ್ಟಿಗೆ ರೆಸ್ಟ್ ಕೊಟ್ರಲ್ಲ, ವೀರಬಸಪ್ನೋರೇ. ಒಳಗಿದ್ದೋಳು ನಾನೇ ಅಲ್ವಾ?"

ವೀರಬಸಪ್ಪನವರು ಹೋಗಿ ಪ್ಲಗ್ ಹಾಕಿದರು. ಫ್ರೀಜರ್ ಈಗ ಗೊರಗೊರ ಎನ್ನದೆ ಸಲೀಸಾಗಿ ಓಡತೊಡಗಿತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಅವರಿಗೆ ಬರಲಿಲ್ಲ.