ಬಾಗಿಲು ಚೆನ್ನಾಗಿ ಬಂದಿದೆ

ಮೊನ್ನೆ ಸರೋಜ ಬಚ್ಚಲಿಗೆಂದು ಹೊಸ ಬಕೆಟ್ಟೊಂದನ್ನು ತಂದಳು. ಸರೋಜ ನನ್ನ ಹೆಂಡತಿ. ನನಗೆ ಎಪ್ಪತ್ತಾರು ತುಂಬಿದರೂ ನೀರು ಹಿಡಿದಿಡುವ ವಿಷಯದಲ್ಲಿ ನನ್ನನ್ನು ನಂಬದವಳು. ನೈರೋಬಿಯಲ್ಲಿ ನಲ್ಲಿ ಯಾವಾಗ ನಿಲ್ಲುತ್ತದೆಂದು ಹೇಳಲಾಗದು, ಹಾಗಾಗಿ ನಮ್ಮ ಬಚ್ಚಲಿನಲ್ಲಿ ಮನುಷ್ಯರಿಗಿಂತ ಬಕೆಟ್ಟುಗಳಿಗೇ ಹೆಚ್ಚು ಮರ್ಯಾದೆ. ಹೊಸದರ ಮೇಲಿನ ಚೀಟಿ ಕಿತ್ತು ಮೂಗಿನ ಹತ್ತಿರ ತಂದೆ. ಪ್ಲಾಸ್ಟಿಕ್ಕಿನ ಆ ಘಾಟು ನಿಮಗೆ ಹಿಡಿಸಲಿಕ್ಕಿಲ್ಲ. ನಾನು ಮಾತ್ರ ಕಣ್ಣು ಮುಚ್ಚಿ ಇನ್ನೊಂದು ಸಲ ಎಳೆದುಕೊಂಡೆ.

"ಏನ್ರೀ ಅದು, ಬಕೆಟ್ ಮೂಸ್ತಾ ಇದ್ದೀರಾ? ಒಳ್ಳೆ ಮಾವಿನಹಣ್ಣು ಆರಿಸೋ ಹಾಗೆ!" ಎಂದಳು ಸರೋಜ.

ಯಾಕೆಂದು ಅವಳಿಗೆ ಗೊತ್ತು. ನಿಮಗೆ ಹೇಳುತ್ತೇನೆ, ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಈ ಊರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ, ನಮ್ಮ ದೇಶದವರೇ ನಡೆಸುತ್ತಿದ್ದ ಬಕೆಟ್ಟಿನ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್‌ಕೀಪರ್ ಆಗಿದ್ದೆ. ಎರಡು ಸಾವಿರದ ಇಸವಿ ಕಳೆದ ಹೊಸತರ ಮಾತು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೆಯ ಸಲಕ್ಕೆ. ಇಲ್ಲಿನ ಕನ್ನಡದವರ ಕೂಟಕ್ಕೆ ಹೋದರೆ ಒಬ್ಬರು ಔಷಧದ ಕಂಪನಿಯ ಮ್ಯಾನೇಜರು, ಇನ್ನೊಬ್ಬರು ಟೆಲಿಕಾಂ ಇಂಜಿನಿಯರು, ಮತ್ತೊಬ್ಬರು ಬ್ಯಾಂಕಿನವರು. "ನೀವು ಯಾವ ಕಾಲೇಜು ಸಾರ್?" ಎಂದು ಯಾರಾದರೂ ಕೇಳುವ ಮುನ್ನವೇ ನಾನು ಪಾಯಸ ಬಡಿಸುವುದಕ್ಕೆ ಎದ್ದುಬಿಡುತ್ತಿದ್ದೆ. ಬಡಿಸುವವನ ಓದನ್ನು ಯಾರೂ ವಿಚಾರಿಸುವುದಿಲ್ಲ.

ಆಗಲೇ ನನ್ನ ಕೈಗೊಂದು ಕ್ಯಾಮೆರಾ ಬಂತು. ಊರಿಗೆ ಹಿಂದಿರುಗುತ್ತಿದ್ದ ನಮ್ಮ ಅಕೌಂಟೆಂಟರು ಮಾರಿ ಹೋದದ್ದು. ರೀಲು ಹಾಕುವ ಕ್ಯಾಮೆರಾ, ಇಟ್ಟಿಗೆಯಷ್ಟು ಭಾರ. ಜೊತೆಗೊಂದು ಪುಸ್ತಕವಿತ್ತು, ಅದರಲ್ಲಿ ಮೊದಲ ಹನ್ನೊಂದು ಪುಟ ಮಾತ್ರ ಉಳಿದಿದ್ದವು. ನನ್ನ ಛಾಯಾಗ್ರಹಣದ ವಿದ್ಯಾಭ್ಯಾಸವೆಲ್ಲ ಆ ಹನ್ನೊಂದು ಪುಟ. ಕಿಂಡಿಯೊಳಗೆ ಕಣ್ಣಿಟ್ಟರೆ ಒಂದು ಮುಳ್ಳು ಕಾಣುತ್ತದೆ. ಬೆಳಕು ಹೆಚ್ಚಾದರೆ ಮೇಲೇರುತ್ತದೆ, ಕಡಿಮೆಯಾದರೆ ಕೆಳಗಿಳಿಯುತ್ತದೆ. ಅದನ್ನು ನಡುವಿಗೆ ತಂದು ಬಟನ್ ಒತ್ತಬೇಕು. ಇಷ್ಟು ಹನ್ನೊಂದನೆಯ ಪುಟದವರೆಗಿನ ಜ್ಞಾನ. ಹನ್ನೆರಡರಿಂದಾಚೆ ಏನಿತ್ತೋ ಅಕೌಂಟೆಂಟರ ಮಕ್ಕಳೇ ಬಲ್ಲರು.

ಕಾರ್ಖಾನೆಯಲ್ಲಿ ಲಾರಿಗೆ ಮಾಲು ತುಂಬುವ ಕಡೆ ಒಂದು ದೊಡ್ಡ ಬಾಗಿಲಿತ್ತು. ಒಳಗೆ ಕತ್ತಲು, ಹೊರಗೆ ಕಣ್ಣು ಕೋರೈಸುವ ಬಿಸಿಲು. ಚಹಾದ ಹೊತ್ತಿನಲ್ಲಿ ಮುಟಿಸೋ ಆ ಬಾಗಿಲಲ್ಲಿ ನಿಲ್ಲುತ್ತಿದ್ದ. ಅವನು ಬಕೆಟ್ಟು ಎರೆಯುವ ಅಚ್ಚಿನ ಯಂತ್ರ ನಡೆಸುವವನು, ಮಚಾಕೋಸ್ ಎಂಬ ಊರಿನ ಕಡೆಯವನು, ನನಗಿಂತ ಒಂದೆರಡು ವರ್ಷ ಹಿರಿಯ. ಒಂದು ಕೈಯಲ್ಲಿ ಚಹಾದ ಮಗ್ಗು, ಇನ್ನೊಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ನಾನು ನನ್ನ ಮೇಜಿನ ಹಿಂದೆ ಕುಳಿತಲ್ಲಿಂದಲೇ ಮುಳ್ಳನ್ನು ನಡುವಿಗೆ ತಂದು ಒತ್ತಿದೆ. ಮುಳ್ಳು ಅಳೆದದ್ದು ಬಾಗಿಲಾಚೆಯ ಬಿಸಿಲನ್ನು. ಫೋಟೋ ತೊಳೆದು ಬಂದಾಗ ಬೆಳಗುವ ಬಾಗಿಲು, ಅದರ ನಡುವೆ ಕರಿ ಕಾಗದ ಕತ್ತರಿಸಿ ಅಂಟಿಸಿದಂಥ ಒಂದು ಆಕೃತಿ. ಕಣ್ಣಿಲ್ಲ, ಮೂಗಿಲ್ಲ.

"ಇದು ಫೋಟೋನೋ ಗ್ರಹಣಾನೋ?" ಎಂದಳು ಸರೋಜ.

ಹರಿದು ಹಾಕಬೇಕೆಂದೇ ಇದ್ದೆ. ಅಷ್ಟರಲ್ಲಿ ಬ್ಯಾಂಕಿನ ನಾಗರಾಜ್ ಊಟಕ್ಕೆ ಬಂದವರು ಅದನ್ನು ನೋಡಿದರು. ಬೆಂಗಳೂರಿನವರು, ಎರಡು ಡಿಗ್ರಿ. ಕನ್ನಡಕ ಮೇಲೇರಿಸಿ ದೂರ ಹಿಡಿದರು, ಹತ್ತಿರ ಹಿಡಿದರು. "ಸಾರ್, ಇದು ಸಿಲುಎಟ್! ಏನ್ ಕಂಟ್ರೋಲ್ ಸಾರ್ ನಿಮ್ದು! ನಿಮಗೊಂದು ಓನ್ ಸ್ಟೈಲ್ ಇದೆ ಬಿಡಿ" ಎಂದರು. ಆ ಪದ ನಾನು ಅದುವರೆಗೆ ಕೇಳಿರಲಿಲ್ಲ. ಆದರೂ, "ಹೌದು, ಸ್ವಲ್ಪ ಟ್ರೈ ಮಾಡ್ತಾ ಇದ್ದೀನಿ" ಎಂದೆ. ಒಳಗಿನಿಂದ ಸರೋಜ ಕೆಮ್ಮಿದಳು. ಅವರು ಹೋದ ಮೇಲೆ ಮಗಳಿಂದ ಡಿಕ್ಷನರಿ ತೆಗೆಸಿ ನೋಡಿದೆ: ಬೆಳಕಿನೆದುರು ಕಾಣುವ ಕಪ್ಪು ಆಕೃತಿ ಎಂದಿತ್ತು.

ಅಂದಿನಿಂದ ನನಗೊಂದು ಶೈಲಿ ಇತ್ತು. ಡಿಗ್ರಿ ಇಲ್ಲದವನಿಗೆ ಶೈಲಿಯೊಂದು ಸಿಕ್ಕರೆ ಅವನು ಅದನ್ನು ಬಿಡುತ್ತಾನೆಯೇ? ಬೆಳಕಿಗೆ ಬೆನ್ನು ಹಾಕಿ ನಿಂತವರನ್ನು ಹುಡುಕಿಕೊಂಡು ಹೋಗತೊಡಗಿದೆ. ಮಟಾಟು ಎಂಬ ಬಾಡಿಗೆ ವ್ಯಾನಿನ ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರು, ತಲೆಯ ಮೇಲೆ ಹೊರೆ ಹೊತ್ತ ಹೆಂಗಸು, ಎಲ್ಲಕ್ಕಿಂತ ಹೆಚ್ಚಾಗಿ ಕೈಗೆ ಸುಲಭವಾಗಿ ಸಿಗುತ್ತಿದ್ದ ಮುಟಿಸೋ. ಹೆಸರುಗಳನ್ನೂ ಇಟ್ಟೆ: ಒಂದಕ್ಕೆ 'ಕಾಯಕ', ಒಂದಕ್ಕೆ 'ನಿರೀಕ್ಷೆ'. ಅವನು ನಿರೀಕ್ಷಿಸುತ್ತಿದ್ದುದು ಚಹಾ ಆರುವುದನ್ನು. ಯುಗಾದಿಯ ಕೂಟದಲ್ಲಿ ಹನ್ನೆರಡು ಫೋಟೋಗಳನ್ನು ಗೋಡೆಗೆ ತೂಗುಹಾಕಿದರು. ಆ ದಿನ ಪಾಯಸವನ್ನು ಬೇರೆ ಯಾರೋ ನನಗೆ ಬಡಿಸಿದರು. ಯಾರೋ ಒಬ್ಬರು ಆ ಕಪ್ಪು ಆಕೃತಿಗಳನ್ನು ನೋಡಿ ಇಲ್ಲಿನ ಜನರ ಮೈಬಣ್ಣದ ಮೇಲೊಂದು ಚಟಾಕಿ ಹಾರಿಸಿದರು. ಅದನ್ನಿಲ್ಲಿ ಬರೆಯಲಾರೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆಯವರಿಗಿಂತ ತುಸು ಹೆಚ್ಚು ಹೊತ್ತೇ ನಕ್ಕೆ. ಅಂದು ನಾನಲ್ಲವೇ ಮುಖ್ಯ ಅತಿಥಿ!

ಹೀಗೆ ಏಳೆಂಟು ವರ್ಷ ನಡೆಯಿತು. ಮಂಡಿನೋವು ಬಂದು ಮುಟಿಸೋ ಕೆಲಸ ಬಿಟ್ಟು ಊರಿಗೆ ಹೊರಟ. ಬೀಳ್ಕೊಡುಗೆಗೆ ಅದೇ ದೊಡ್ಡ ಬಾಗಿಲ ಬಳಿ ಚಪಾತಿ, ಸೋಡಾ ಏರ್ಪಾಡಾಗಿತ್ತು. ನಾನು 'ಕಾಯಕ'ವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತಂದಿದ್ದೆ. ಸುತ್ತಿದ ಕಾಗದವನ್ನು ಅವನು ಹರಿಯದಂತೆ ಬಿಚ್ಚಿ ಬಹಳ ಹೊತ್ತು ನೋಡಿದ. ನಾನು ಹೊಗಳಿಕೆಗೆ ಮುಖ ಸಿದ್ಧ ಮಾಡಿಕೊಂಡು ನಿಂತಿದ್ದೆ.

"ಬಾಗಿಲು ಚೆನ್ನಾಗಿ ಬಂದಿದೆ, ಬ್ವಾನಾ" ಎಂದ.

ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತು. ನಮ್ಮಿಬ್ಬರ ಮಾತು ಯಾವಾಗಲೂ ಅರ್ಧ ಸ್ವಾಹಿಲಿ, ಅರ್ಧ ಇಂಗ್ಲಿಷು; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. 'ಬ್ವಾನಾ' ಎಂದರೆ ಸಾಹೇಬರೇ ಎಂದ ಹಾಗೆ. ಸ್ಟೋರ್‌ಕೀಪರನನ್ನು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಎಲ್ಲರೂ ಚದುರಿದ ಮೇಲೆ ಅವನು ಸ್ಟೋರಿನ ಕಿಟಕಿಗೆ ಬಂದ. "ಕೋಪ ಮಾಡ್ಕೋಬೇಡಿ ಬ್ವಾನಾ. ನನ್ನ ಹೆಂಡತಿ ಮ್ವಿಕಲಿ ಊರಲ್ಲೇ ಇರೋಳು. ನಾನು ಹೋಗ್ತಿದ್ದದ್ದು ಕ್ರಿಸ್‌ಮಸ್‌ಗೊಂದು ಸಲ, ಈಸ್ಟರ್‌ಗೊಂದು ಸಲ. 'ನೀನು ಇಲ್ಲಿಗೆ ಬರೋದೇ ನಿದ್ದೆ ಮಾಡೋಕೆ, ನೈರೋಬಿಯಲ್ಲಿ ಎದ್ದು ಓಡಾಡೋ ನಿನ್ನನ್ನ ನಾನು ನೋಡೇ ಇಲ್ಲ' ಅಂತಾಳೆ. ನೀವು ನನ್ನದು ಅಷ್ಟೊಂದು ತೆಗೆದಿದ್ದೀರಲ್ಲ. ಮುಖ ಕಾಣೋದು ಒಂದಿದ್ರೆ ಕೊಡಿ. ಅವಳಿಗೆ ತೋರಿಸ್ತೀನಿ."

ಈಗ ತಪ್ಪೊಪ್ಪಿಗೆಗೆ ಬಂದೆ. ಎಲ್ಲರ ಮುಂದೆ ನಗೆಪಾಟಲಾದ ಉರಿ ಇನ್ನೂ ಆರಿರಲಿಲ್ಲ. ನಾನು ಹೇಳಿದೆ: "ಮುಟಿಸೋ, ಇದು ಕಲೆ. ಮುಖ ತೋರಿಸೋದು ಪಾಸ್‌ಪೋರ್ಟ್ ಸ್ಟುಡಿಯೋದವರ ಕೆಲಸ. ಇದು ನಿನಗೆ ಅರ್ಥ ಆಗಲ್ಲ."

"ಸವಾ" ಎಂದ. ಆಗಲಿ ಎಂದರ್ಥ. ಕಟ್ಟು ಹಾಕಿದ ಫೋಟೋವನ್ನು ಕಂಕುಳಲ್ಲಿಟ್ಟುಕೊಂಡು ಕುಂಟುತ್ತಾ ಹೋದ. ಕೋಪಿಸಿಕೊಂಡು ಹೋಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಮನೆಗೆ ಹೋಗಿ ಫೋಟೋಗಳನ್ನೆಲ್ಲ ಚಾಪೆಯ ಮೇಲೆ ಹರಡಿದೆ. ಹರಡುತ್ತಾ ಹರಡುತ್ತಾ ಎರಡು ರಾಶಿಯಾದವು. ಹುಟ್ಟುಹಬ್ಬ, ಸತ್ಯನಾರಾಯಣ ಪೂಜೆ, ಯುಗಾದಿ: ಅಲ್ಲಿ ಫ್ಲ್ಯಾಶ್ ಹಾಕಿ ತೆಗೆದಿದ್ದೆ, ನಮ್ಮವರ ಮೂಗುತಿಯ ಹರಳು ಕೂಡ ಎಣಿಸಬಹುದಿತ್ತು. ಇನ್ನೊಂದು ರಾಶಿಯಲ್ಲಿ ಈ ಊರಿನವರು. ಒಬ್ಬರಿಗೂ ಮುಖವಿರಲಿಲ್ಲ. ಸರೋಜ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಗ್ರಹಣದ ಮಾತು ಎತ್ತುತ್ತಾಳೆಂದು ಕಾದೆ. ಎತ್ತಲಿಲ್ಲ. "ಪಾಪ, ಮುಟಿಸೋದು ಒಂದೂ ಇಲ್ವಾ?" ಎಂದಷ್ಟೇ ಕೇಳಿದಳು.

ನೆಗೆಟಿವುಗಳನ್ನು ಪೇಟೆಯ ಲ್ಯಾಬಿಗೆ ಒಯ್ದೆ. ಅದನ್ನು ನಡೆಸುತ್ತಿದ್ದವರು ಒಬ್ಬ ಗುಜರಾತಿ ಮುದುಕರು, ಎಲ್ಲರಿಗೂ ಕಾಕಾ. "ಕಾಕಾ, ಈ ಮುಖವನ್ನು ಸ್ವಲ್ಪ ಬೆಳ್ಳಗೆ, ಅಂದರೆ ಕಾಣುವ ಹಾಗೆ, ಮಾಡಿಕೊಡಿ" ಎಂದೆ. ಅವರು ಪಟ್ಟಿಯನ್ನು ದೀಪಕ್ಕೆ ಹಿಡಿದರು.

"ಇದರಲ್ಲಿ ಇಲ್ಲದ್ದನ್ನು ನಾನು ಎಲ್ಲಿಂದ ತರಲಿ? ನಮ್ಮಪ್ಪನ ಮನೆಯಿಂದಲೇ? ಇಷ್ಟು ವರ್ಷ ನೀನು ಬೇಕೆಂದೇ ಹೀಗೆ ತೆಗೆಯುತ್ತಿದ್ದೀಯ ಅಂದುಕೊಂಡಿದ್ದೆ!"

"ಬೇಕೆಂದೇ" ಎಂದೆ. ಆಮೇಲೆ, "ಇಲ್ಲ, ಬರುತ್ತಿರಲಿಲ್ಲ" ಎಂದೆ. ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಕಾಕಾ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು, ನನ್ನ ಕ್ಯಾಮೆರಾ ಕಿತ್ತುಕೊಂಡು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. "ನೋಡು. ಮೊದಲು ಹೀಗೆ ಹತ್ತಿರ ಹೋಗಬೇಕು. ಕಿಂಡಿಯಲ್ಲಿ ಮುಖ ಬಿಟ್ಟು ಬೇರೇನೂ ಕಾಣಬಾರದು. ಆಗ ಮುಳ್ಳು ಮುಖವನ್ನು ಅಳೆಯುತ್ತದೆ. ಅದನ್ನು ಹಾಗೇ ಇಟ್ಟುಕೊಂಡು ಹಿಂದೆ ಬಂದು ಒತ್ತು. ಕೂತಲ್ಲಿಂದ ಒತ್ತಿದರೆ ಬಾಗಿಲು ಬರುತ್ತದೆ." ಬಹುಶಃ ಇದೇ ಹನ್ನೆರಡನೆಯ ಪುಟದಲ್ಲಿತ್ತೋ ಏನೋ.

ಮುಂದಿನ ಭಾನುವಾರ ಮಚಾಕೋಸಿನ ಬಸ್ಸು ಹತ್ತಿದೆ. ಅಲ್ಲಿಂದ ಒಂದು ಮಟಾಟು, ಆಮೇಲೆ ಕೆಮ್ಮಣ್ಣಿನ ದಾರಿಯಲ್ಲಿ ಕಾಲ್ನಡಿಗೆ. ಮುಟಿಸೋ ಅಂಗಳದಲ್ಲಿ ಮುಸುಕಿನ ಜೋಳ ಬಿಡಿಸುತ್ತಿದ್ದ. ನನ್ನನ್ನು ನೋಡಿ, "ಬ್ವಾನಾ! ಇಲ್ಲಿ ಅಷ್ಟು ದೊಡ್ಡ ಬಾಗಿಲು ಇಲ್ವಲ್ಲ!" ಎಂದ. ಮ್ವಿಕಲಿ ಹೊರಗೆ ಬಂದಳು. ಗಿಡ್ಡಗಿನ, ಚುರುಕಾದ ಹೆಂಗಸು. ಒಳಗೆ ಗೋಡೆಯ ಮೇಲೆ ನನ್ನ 'ಕಾಯಕ' ತೂಗುತ್ತಿತ್ತು. "ಬಂದವರೆಲ್ಲ ಯಾರದು ಅಂತ ಕೇಳ್ತಾರೆ. ನನ್ನ ಗಂಡ ಕೆಲಸ ಮಾಡ್ತಿದ್ದ ಬಾಗಿಲು ಅಂತೀನಿ" ಎಂದಳು. ಗಂಡಹೆಂಡಿರಿಬ್ಬರೂ ಒಂದೇ ಅಚ್ಚಿನವರು.

ಮುಟಿಸೋನನ್ನು ಮಾವಿನಮರದ ನೆರಳಲ್ಲಿ ಕೂರಿಸಿದೆ. ಕಾಕಾ ಹೇಳಿದಂತೆ ಹತ್ತಿರ ಹೋದೆ, ಇನ್ನೂ ಹತ್ತಿರ ಹೋದೆ. ಅವನ ಉಸಿರು ನನ್ನ ಕೈಗೆ ತಾಗುತ್ತಿತ್ತು. ಹುಬ್ಬು ಬೆಳ್ಳಗಾಗಿತ್ತು. ಎಡಗಣ್ಣು ಬಲಗಣ್ಣಿಗಿಂತ ತುಸು ಸಣ್ಣದು. ಕೆನ್ನೆಯ ಮೇಲೆ ಬಟಾಣಿ ಗಾತ್ರದ ಸುಟ್ಟ ಕಲೆ. ಅಚ್ಚಿನ ಯಂತ್ರದಿಂದ ಸಿಡಿದ ಪ್ಲಾಸ್ಟಿಕ್ಕಿನದಂತೆ, ನಾನು ಆ ಕಾರ್ಖಾನೆಗೆ ಸೇರುವ ಮುಂಚಿನದಂತೆ. ದಿನವೂ ನೋಡುತ್ತಿದ್ದೆನೆಂದುಕೊಂಡಿದ್ದ ಮುಖ ಅದು. ಮುಳ್ಳು ನಡುವಿಗೆ ಬಂತು. ಹಿಂದೆ ಸರಿದು ಒತ್ತಿದೆ.

ಸಾಧಿಸಿದೆನೆಂದುಕೊಂಡು ಚಹಾದ ಲೋಟ ಎತ್ತಿಕೊಂಡೆ. ಮ್ವಿಕಲಿ ಎದುರಿಗೆ ಬಂದು ಕುಳಿತಳು.

"ಈ ಮನುಷ್ಯನನ್ನ ನಾನು ಈಗ ದಿನಾ ನೋಡ್ತೀನಿ" ಎಂದಳು. "ನನಗೆ ಬೇಕಾಗಿದ್ದು ಅಲ್ಲಿದ್ದವನು. ಅವನ ಫೋಟೋ ಇಲ್ಲ, ಆಯ್ತು. ನೀವು ನೋಡಿದ್ದೀರಲ್ಲ, ಬಾಯಲ್ಲೇ ಹೇಳಿ. ಅಲ್ಲಿ ಹೇಗಿದ್ದ?"

"ಎತ್ತರವಾಗಿದ್ದ" ಎಂದೆ.

"ಈಗಲೂ ಎತ್ತರವೇ."

"ನಗುತ್ತಾ ಇರುತ್ತಿದ್ದ."

"ಅದು ಇಡೀ ಊರಿಗೆ ಗೊತ್ತು. ಮೀಸೆ ಬಿಟ್ಟಿದ್ನಾ ಅಲ್ಲಿ?"

ನಾನು ಬಾಗಿಲನ್ನು ನೆನೆದೆ. ಮಗ್ಗು ನೆನಪಾಯಿತು, ಚೌಕಟ್ಟಿನ ಮೇಲಿನ ಕೈ ನೆನಪಾಯಿತು. "ಬಿಟ್ಟಿದ್ದ. ಸಣ್ಣದು" ಎಂದೆ.

ಮುಟಿಸೋ ಜೋಳ ಬಿಡಿಸುವುದನ್ನು ನಿಲ್ಲಿಸಿದ. ಆಮೇಲೆ ಮಂಡಿ ತಟ್ಟಿ ತಟ್ಟಿ ನಕ್ಕ. "ಬ್ವಾನಾ, ನಮ್ಮ ವಂಶದಲ್ಲೇ ಯಾರಿಗೂ ಮೀಸೆ ಬಂದಿಲ್ಲ!" ಮ್ವಿಕಲಿಯೂ ನಕ್ಕಳು. ಆದರೆ ಅವಳ ನಗು ಬೇಗ ನಿಂತಿತು, ಲೋಟ ತೆಗೆದುಕೊಂಡು ಒಳಗೆ ಹೋದಳು. "ಪೋಲೆ, ಮುಟಿಸೋ" ಎಂದೆ, ಕ್ಷಮಿಸು ಎಂದು. ಅವನು ಕೈಬೀಸಿ, ಒಂದು ತೆನೆಯನ್ನು ನನ್ನ ಕೈಗೆ ಕೊಟ್ಟ. ಇಬ್ಬರೂ ಬಸ್ಸಿನ ಹೊತ್ತಾಗುವವರೆಗೆ ಜೋಳ ಬಿಡಿಸಿದೆವು.

ಫೋಟೋ ಚೆನ್ನಾಗಿಯೇ ಬಂತು. ನಾನೇ ಒಯ್ದು ಕೊಟ್ಟೆ. "ಇದರಲ್ಲಿ ಮುದುಕ ಆಗಿಬಿಟ್ಟಿದ್ದೀನಿ, ಕರಿದರಲ್ಲೇ ಹುಡುಗನ ಹಾಗಿದ್ದೆ" ಎಂದು ದೂರಿದ. ಮ್ವಿಕಲಿ ಎರಡನ್ನೂ ಅಕ್ಕಪಕ್ಕ ತೂಗುಹಾಕಿದಳು. ಅವೆರಡರ ನಡುವೆ ಹೋದ ವರ್ಷಗಳಲ್ಲಿ ಅವನು ಹೇಗಿದ್ದನೆಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳಬಹುದಾಗಿದ್ದವನು ಮೇಜಿನ ಹಿಂದೆ ಕುಳಿತು ಶೈಲಿ ಬೆಳೆಸಿಕೊಳ್ಳುತ್ತಿದ್ದ.

ಇವತ್ತು ಬೆಳಿಗ್ಗೆ ಹಾಲಿಗೆ ಹೊರಟಾಗ ನಮ್ಮ ಕಟ್ಟಡದ ಕಾವಲುಗಾರ ಪೀಟರ್ ಹೊಸ ಸಮವಸ್ತ್ರ ತೊಟ್ಟು ಗೇಟಿನ ಬಳಿ ನಿಂತಿದ್ದ. ಐವತ್ತರ ಹತ್ತಿರದ ಮನುಷ್ಯ, ಹೆಂಡತಿ ದೂರದ ಕಿಸುಮು ಊರಿನಲ್ಲಿದ್ದಾಳೆ. ಫೋನು ನನ್ನ ಕೈಗಿತ್ತು, "ಮ್ಜೇ, ಒಂದು ಫೋಟೋ ತೆಗೀರಿ, ಅವಳಿಗೆ ಕಳಿಸ್ತೀನಿ" ಎಂದ. ಇಲ್ಲಿ ಹಿರಿಯರನ್ನು ಹಾಗೆ ಕರೆಯುತ್ತಾರೆ. ಅವನ ಬೆನ್ನ ಹಿಂದೆ ಬೀದಿಯೆಲ್ಲ ಬಿಸಿಲು. ನಾನು ಹತ್ತಿರ ಹೋದೆ. ಅವನು ಮುಜುಗರದಿಂದ ಕುತ್ತಿಗೆ ಹಿಂದಕ್ಕೆಳೆದ.

"ಮ್ಜೇ, ಅಲ್ಲಿಂದಲೇ ಬರುತ್ತೆ. ಈಗಿನ ಫೋನು ಎಲ್ಲ ತಾನೇ ನೋಡ್ಕೊಳ್ಳುತ್ತೆ."

"ಬರುತ್ತೆ, ಗೊತ್ತು" ಎಂದು ಇನ್ನೊಂದು ಹೆಜ್ಜೆ ಮುಂದಿಟ್ಟೆ.